‘ಊಹಿಸು’ ಒಂದೇ ಸಾಕೇ? ಮೂರನೇ ಕ್ಲಾಸಿನ ಓದಿಗೆ ಒಂದು ಪದ ಬೇಕು

ನಮಸ್ಕಾರ. ಉಡುಪಿ ಕಡೆಯ ಮೂರನೇ ಕ್ಲಾಸಿನ ಮಕ್ಕಳಿಗಾಗಿ ಓದಿನ ಹಾಳೆಗಳನ್ನು ಬರೆಯುತ್ತಿದ್ದೇನೆ. ಗಟ್ಟಿಯಾಗಿ ಓದಿ ಮುಗಿಸಿದರೆ ಸಾಲದು, ಓದಿದ್ದು ತಲೆಗೂ ಹೋಗಬೇಕಲ್ಲ, ಅದಕ್ಕೆ. ಪ್ರೆಡಿಕ್ಷನ್ (ಮುಂದೇನಾಗಬಹುದು ಎಂದು ಹೇಳುವುದು), ಇನ್‌ಫರೆನ್ಸ್ (ಬರೆಯದೆ ಬಿಟ್ಟದ್ದನ್ನು ಸುಳಿವುಗಳಿಂದ ತಿಳಿಯುವುದು) ಎರಡಕ್ಕೂ ನಾನು ನೋಡಿದ ಟಿಪ್ಪಣಿಗಳಲ್ಲಿ ‘ಊಹೆ’ ಎಂದೇ ಇದೆ. ಆದರೆ ಇವೆರಡೂ ಬೇರೆ ಕೆಲಸ.

ಒಂದು ಹಾಳೆಯಲ್ಲಿ ಹೀಗಿದೆ (ದಕ್ಕೆ ಎಂದರೆ ಬೋಟು ಕಟ್ಟುವ ಜಾಗ): ‘ಮಲ್ಪೆಯಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲೇ ನಿಂತಿವೆ. ಹೊರಗೆ ಜೋರು ಮಳೆ. ಅಜ್ಜ ಹರಿದ ಬಲೆ ಸರಿಮಾಡುತ್ತಾ ಕೂತಿದ್ದಾರೆ.’

‘ಅಜ್ಜ ಮುಂದೆ ಏನು ಮಾಡಬಹುದು?’ ಎಂದು ಕೇಳಿದರೆ ಮಗು ಊಹಿಸುತ್ತದೆ. ಪುಟ ತಿರುಗಿಸಿದರೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ‘ಬೋಟುಗಳು ಯಾಕೆ ನಿಂತಿವೆ?’ ಎಂದರೆ ಹಾಗಲ್ಲ. ಅದರ ಉತ್ತರ ಯಾವ ಪುಟದಲ್ಲೂ ಬರೆದಿಲ್ಲ. ಮಳೆ, ಬಲೆ, ಬೋಟು ಮೂರನ್ನೂ ಕೂಡಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ ಎಂಬುದೂ ಗೊತ್ತಿರಬೇಕು. ಮಲ್ಪೆಯ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಘಟ್ಟದ ಬುಡದ ಹೆಬ್ರಿಯ ಮಗು ಅದೇ ಸಾಲುಗಳನ್ನು ಸರಾಗವಾಗಿ ಓದಿಯೂ ತಡವರಿಸಬಹುದು.

ಎರಡಕ್ಕೂ ‘ಊಹಿಸು’ ಎಂದರೆ ಮಕ್ಕಳು ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಾರೆ. ಹೇಳದೆ ಇನ್ನೇನು, ನಾವೇ ಊಹಿಸಲು ಹೇಳಿದ್ದಲ್ವಾ!

ಇನ್‌ಫರೆನ್ಸ್‌ಗೆ ‘ಅನುಮಾನ’ ತರ್ಕಶಾಸ್ತ್ರದಲ್ಲಿ ಸರಿಯಾದ ಪದವೇ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು. ಆದರೆ ಇವತ್ತು ‘ಅನುಮಾನಿಸು’ ಎಂದರೆ ಯಾರ ಮೇಲೋ ಸಂಶಯಪಡು ಎಂದೇ ಅರ್ಥ. ‘ತರ್ಕಿಸು’ ಆ ವಯಸ್ಸಿಗೆ ಜಾಸ್ತಿ ಭಾರ. ‘ಅಂದಾಜು ಮಾಡು’ ಲೆಕ್ಕದ ಪಾಠದಲ್ಲಿ ಆಗಲೇ ಬೇರೆ ಕೆಲಸದಲ್ಲಿದೆ. ‘ತಾಳೆ ಹಾಕು’ ಹತ್ತಿರ ಬಂತು ಅನಿಸಿತು. ಆದರೆ ಅದು ಇರುವ ಎರಡನ್ನು ಸರಿನೋಡುವುದು, ಹೊಸದೊಂದನ್ನು ತಿಳಿಯುವುದಲ್ಲ.

ಸದ್ಯ ಮೊದಲನೆಯದಕ್ಕೆ ‘ಮುಂದೇನು, ಊಹಿಸು’, ಎರಡನೆಯದಕ್ಕೆ ‘ಸುಳಿವು ಕೂಡಿಸಿ ಹೇಳು’ ಎಂದು ಬರೆದಿದ್ದೇನೆ. ಇದರಲ್ಲಿ ಒಂದು ಅನುಕೂಲ ಇದೆ. ‘ಯಾವ ಸುಳಿವು?’ ಎಂದು ಮರಳಿ ಕೇಳಬಹುದು, ಮಗು ಆ ಸಾಲಿನ ಮೇಲೆ ಬೆರಳಿಡಬೇಕಾಗುತ್ತದೆ. ತೊಂದರೆ ಏನೆಂದರೆ ಇದು ಪದವಲ್ಲ, ವಾಕ್ಯ. ಶಿಕ್ಷಕರ ಕೈಪಿಡಿಯಲ್ಲಿ ತಲೆಬರಹವಾಗಿ ಹಾಕಲು ಒಗ್ಗುವುದಿಲ್ಲ.

ಈ ಎರಡನೆಯ ಅರ್ಥಕ್ಕೆ ಒಂದೇ ಕ್ರಿಯಾಪದ ಯಾರಿಗಾದರೂ ಗೊತ್ತೇ? ಹಳೆಯದಾದರೂ ಆಗಬಹುದು, ಕುಂದಾಪುರ ಕಡೆಯ ಆಡುಮಾತಿನದ್ದಾದರೆ ಇನ್ನೂ ಒಳ್ಳೆಯದು. ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಉಪಕಾರ.