ಬೆಂಗಳೂರು ಬಿಟ್ಟು ಮೂಡಿಗೆರೆ ಕಡೆ ಆಸ್ಪತ್ರೆಗೆ ಸೇರಬಹುದಾ? ಅನುಭವ ಇದ್ದವರು ಹೇಳಿ

ಆಲ್ದೂರು_ಹುಡುಗಿ:

ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಹಾರ್ಟ್ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಊರು ಆಲ್ದೂರಿನ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ಸ್ವಲ್ಪ ಕಾಫಿ ತೋಟ ಇದೆ, ಅದನ್ನೂ ಅವರೇ ನೋಡಿಕೊಳ್ಳಬೇಕು.

ಈಗ ಒಂದು ಟ್ರಸ್ಟ್‌ನವರು ಕೆಲಸಕ್ಕೆ ಕರೆದಿದ್ದಾರೆ. ಚಿಕ್ಕಮಗಳೂರಿನಲ್ಲಿ ಅವರ ಮುಖ್ಯ ಆಸ್ಪತ್ರೆ, ಮೂಡಿಗೆರೆ ಮತ್ತು ಕೊಪ್ಪದಲ್ಲಿ ಸಣ್ಣ ಆಸ್ಪತ್ರೆಗಳು, ಸುತ್ತಲಿನ ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಓಪಿ. ನನ್ನನ್ನು ಮೂಡಿಗೆರೆಗೆ ಹಾಕುತ್ತಾರಂತೆ. ಇಲ್ಲಿ 32,000 ಬರುತ್ತಿದೆ, ಅಲ್ಲಿ ಎಲ್ಲ ಸೇರಿ 20,500 ಅಂದಿದ್ದಾರೆ. ಊರಲ್ಲೇ ಇದ್ದರೆ ಬಾಡಿಗೆ, ಮೆಸ್ಸಿನ ಖರ್ಚು ಉಳಿಯುತ್ತೆ, ಹಾಗಾಗಿ ಸಂಬಳದ ಚಿಂತೆ ಅಷ್ಟಿಲ್ಲ.

ಚಿಂತೆ ಇರುವುದು ಎರಡು ವಿಷಯಕ್ಕೆ. ಐಸಿಯುನಲ್ಲಿ ಕಲಿತದ್ದೆಲ್ಲ ಸಣ್ಣ ಆಸ್ಪತ್ರೆಗೆ ಹೋದರೆ ಮರೆತು ಹೋಗುತ್ತಾ? ಇನ್ನೊಂದು, "ಜನರಿಗಾಗಿ ಇರುವ ಆಸ್ಪತ್ರೆ" ಅಂತ ಇವರು ಎಲ್ಲ ಕಡೆ ಹೇಳಿಕೊಳ್ಳುತ್ತಾರೆ. ಅದು ನಿಜವೇ ಅಂತ ಸೇರುವ ಮೊದಲೇ ತಿಳಿಯುವುದು ಹೇಗೆ? ಸೇರಿದ ಮೇಲೆ ಗೊತ್ತಾದರೆ ಏನು ಉಪಯೋಗ, ಅಲ್ವಾ?

ಕಡೂರು_ಲ್ಯಾಬ್:

ನಾನು ಲ್ಯಾಬ್ ಟೆಕ್ನಿಷಿಯನ್. ಮೊದಲು ಆರ್ಡರ್ ಕಾಪಿ ಪೂರ್ತಿ ಓದಿ. ಬಾಂಡ್ ಎಷ್ಟು ವರ್ಷ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಎಷ್ಟು ತಿಂಗಳು ಅಂತ ನೋಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ನನ್ನ ಜೊತೆ ಓದಿದವನೊಬ್ಬ ಒರಿಜಿನಲ್ ಆಸ್ಪತ್ರೆಯವರ ಕೈಗೆ ಕೊಟ್ಟು, ಸರ್ಕಾರಿ ಕೆಲಸದ ಡಾಕ್ಯುಮೆಂಟ್ ವೆರಿಫಿಕೇಷನ್ ದಿನ ಪರದಾಡಿದ.

20,500 ಅಂದರೆ ಇಎಸ್ಐ (ನೌಕರರ ಆರೋಗ್ಯ ವಿಮೆ) ಮಿತಿ 21,000ದ ಒಳಗೆ ಬರುತ್ತೀರಿ. ನಿಮ್ಮ ಸಂಬಳದಲ್ಲಿ 0.75 ಪರ್ಸೆಂಟ್ ಹಿಡಿಯುತ್ತಾರೆ, ಅವರು 3.25 ಹಾಕಬೇಕು. ಪಿಎಫ್ ಬೇರೆ. ಕೈಗೆ ಎಷ್ಟು ಬರುತ್ತೆ ಅಂತ ಕೇಳಿಕೊಂಡೇ ಒಪ್ಪಿಕೊಳ್ಳಿ.

ಬಣಕಲ್_ಸಿಸ್ಟರ್:

ನಾನೂ ಬೆಂಗಳೂರಿನಿಂದ ವಾಪಸ್ ಬಂದವಳೇ. ಈಗ ಮೂಡಿಗೆರೆ ತಾಲ್ಲೂಕಿನಲ್ಲೇ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೇನೆ. ನಿಮ್ಮನ್ನು ಕರೆದಿರುವ ಟ್ರಸ್ಟ್ ಅಲ್ಲ, ಹಾಗಾಗಿ ಅವರ ಬಗ್ಗೆ ಒಳ್ಳೆಯದೋ ಕೆಟ್ಟದ್ದೋ ನಾನು ಹೇಳುವುದಿಲ್ಲ. ಕೆಲಸ ಹೇಗಿರುತ್ತೆ ಅಂತ ಹೇಳುತ್ತೇನೆ.

ಮರೆತು ಹೋಗುತ್ತಾ ಅಂದಿರಲ್ಲ, ಅದಕ್ಕೆ ಮೊದಲು ಉತ್ತರ. ವೆಂಟಿಲೇಟರ್ ಮೇಲೆ ಕೈ ಆಡುವುದು ಕಡಿಮೆ ಆಗುತ್ತೆ, ನಿಜ. ಆದರೆ ಐಸಿಯು ನಿಮಗೆ ಕಲಿಸಿದ್ದು ಬರೀ ಮೆಷಿನ್ ಅಲ್ಲ. ರೋಗಿಯ ಸ್ಥಿತಿ ಕೆಡುತ್ತಿದೆ ಅಂತ ಮುಂಚೆಯೇ ಕಂಡುಹಿಡಿಯುವುದನ್ನು ಕಲಿಸಿದೆ. ಇಲ್ಲಿ ಅದೇ ಮುಖ್ಯ, ಯಾಕೆಂದರೆ ದೊಡ್ಡ ಆಸ್ಪತ್ರೆ ಪಕ್ಕದ ಬ್ಲಾಕ್‌ನಲ್ಲಿ ಇರಲ್ಲ. ಮಂಗಳೂರಿಗೆ ಕಳಿಸಬೇಕಾದರೆ ಚಾರ್ಮಾಡಿ ಘಾಟಿ ಇಳಿಯಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದು ನಿಮಗೂ ನೆನಪಿರಬಹುದು. ಮಳೆಗಾಲದಲ್ಲಿ ಈಗಲೂ ರಸ್ತೆ ಹೇಗಿದೆ ಅಂತ ವಿಚಾರಿಸಿಯೇ ಗಾಡಿ ಬಿಡುತ್ತೇವೆ. ಇಲ್ಲದಿದ್ದರೆ ಬೇಲೂರು ಮೇಲೆ ಹಾಸನದ ಮೆಡಿಕಲ್ ಕಾಲೇಜು, ಅಥವಾ ಚಿಕ್ಕಮಗಳೂರು. ಕಳಿಸಬೇಕು ಅನ್ನುವುದನ್ನು ಒಂದು ಗಂಟೆ ಮೊದಲು ಗುರುತಿಸಿದರೆ ರೋಗಿಗೆ ಒಂದು ಗಂಟೆ ಸಿಕ್ಕಿತು.

ಹಾವು ಕಚ್ಚಿದ ಕೇಸು ಹೇಳುತ್ತೇನೆ, ಆಗ ಅರ್ಥವಾಗುತ್ತೆ. ಕಾಫಿ ಕೊಯ್ಲಿನಲ್ಲಿ, ಅದರಲ್ಲೂ ಉದುರಿದ ಹಣ್ಣು ಆರಿಸುವಾಗ, ಗಿಡದ ಬುಡದ ತರಗಿಗೆ ಕೈ ಹಾಕುತ್ತಾರೆ. ಕಚ್ಚಿದ ಹಾವು ಯಾವುದು ಅಂತ ಹೆಚ್ಚಿನವರು ನೋಡಿರುವುದಿಲ್ಲ. ಬಂದ ತಕ್ಷಣ ನಾವು ಮಾಡುವ ಪರೀಕ್ಷೆಗೆ ಯಾವ ಮೆಷಿನ್ನೂ ಬೇಡ. ಎರಡು ಎಂ.ಎಲ್. ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುವುದು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಏರಿದೆ ಅಂತ. ಕೇಳಲು ಸುಲಭ. ಆದರೆ ಟ್ಯೂಬು ಪ್ಲಾಸ್ಟಿಕ್‌ನದ್ದಾದರೆ, ಒದ್ದೆ ಇದ್ದರೆ, ಸೋಪು ಹಾಕಿ ತೊಳೆದದ್ದಾದರೆ ಫಲಿತಾಂಶ ತಪ್ಪು ಬರುತ್ತೆ. ಅದಕ್ಕೇ ನಮ್ಮ ಕ್ಯಾಶುವಾಲ್ಟಿಯಲ್ಲಿ ಹೊಸ ಗಾಜಿನ ಟ್ಯೂಬುಗಳನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ. ಲ್ಯಾಬಿನವರೂ ಅದನ್ನು ಮುಟ್ಟುವಂತಿಲ್ಲ.

ಇನ್ನು ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧಿ. ಪುಡಿ ಇರುವ ವಯಲ್‌ಗೆ 10 ಎಂ.ಎಲ್. ನೀರು ಹಾಕಿ, ಕುಲುಕದೆ ಮೆಲ್ಲಗೆ ತಿರುಗಿಸುತ್ತಾ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತೆ. ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲಿ ಇಟ್ಟುಕೊಂಡೇ ಡ್ರಿಪ್ ಶುರು ಮಾಡಬೇಕು, ರಿಯಾಕ್ಷನ್ ಯಾವಾಗ ಬರುತ್ತೆ ಅಂತ ಹೇಳಲಾಗದು. ಇಷ್ಟೆಲ್ಲ ಮಾಡಿದರೂ ಮಲೆನಾಡಿನಲ್ಲಿ ಒಂದು ತೊಡಕಿದೆ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಇಲ್ಲಿನ ತೋಟಗಳಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುವ, ಮೂತಿ ಮೇಲೆತ್ತಿರುವ ಒಂದು ಗಿಡ್ಡ ಹಾವಿದೆ. ಅದರ ವಿಷಕ್ಕೆ ಈ ಔಷಧಿ ಕೆಲಸ ಮಾಡುವುದಿಲ್ಲ. ಅದು ಕಚ್ಚಿದರೆ ಕೆಲವರಿಗೆ ಕಿಡ್ನಿ ಕೈಕೊಡುತ್ತೆ. ಹಾಗಾಗಿ ಗಂಟೆ ಗಂಟೆಗೂ ಮೂತ್ರ ಎಷ್ಟು ಬಂತು ಅಂತ ಅಳೆದು ಬರೆಯಬೇಕು. ಕಡಿಮೆ ಆಗುತ್ತಿದೆ ಅನ್ನಿಸಿದರೆ ಡಯಾಲಿಸಿಸ್ ಇರುವ ಕಡೆಗೆ ಬೇಗ ಕಳಿಸಬೇಕು. ಐಸಿಯುನಲ್ಲಿ ಚಾರ್ಟ್ ಬರೆದು ಅಭ್ಯಾಸ ಇರುವವರು ಇದನ್ನು ಬಿಡದೆ ಮಾಡುತ್ತಾರೆ. ನಿಮ್ಮಂಥವರು ನಮಗೆ ಬೇಕು ಅನ್ನುವುದು ಇದಕ್ಕೇ.

ಎರಡನೇ ಪ್ರಶ್ನೆ, ಜನರ ಆಸ್ಪತ್ರೆ ಹೌದೋ ಅಲ್ಲವೋ ಅನ್ನುವುದು. ಒಂದು ದಿನ ಸುಮ್ನೆ ಹೋಗಿ ಓಪಿ ಹೊರಗೆ ಬೆಂಚಿನ ಮೇಲೆ ಕೂತುಕೊಳ್ಳಿ. ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಕಾಯ್ದೆ) ರಿಜಿಸ್ಟ್ರೇಷನ್ ಮತ್ತು ದರಪಟ್ಟಿ ಜನರಿಗೆ ಕಾಣುವ ಹಾಗೆ ಹಾಕಿದ್ದಾರಾ ನೋಡಿ, ಅದು ಕಾನೂನು. ಆಮೇಲೆ ಬಿಲ್ಲಿಂಗ್ ಕೌಂಟರ್ ಹತ್ತಿರ ಕಿವಿಗೊಡಿ. ಹಣ ಕಮ್ಮಿ ಇದೆ ಅಂದವರಿಗೆ ಏನು ಹೇಳುತ್ತಾರೆ? "ಆಯುಷ್ಮಾನ್ ಕಾರ್ಡ್ ಇದೆಯಾ, ರೇಷನ್ ಕಾರ್ಡ್ ಯಾವುದು, ಸೊಸೈಟಿಯಲ್ಲಿ ಯಶಸ್ವಿನಿ ಮಾಡಿಸಿದ್ದೀರಾ" ಅಂತ ಕೇಳುವ ಒಬ್ಬರಾದರೂ ಅಲ್ಲಿರಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ತುರ್ತಲ್ಲದ ಎಷ್ಟೋ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದು ಗೊತ್ತಿಲ್ಲದೆ ಕಾರ್ಡು ಹಿಡಿದು ನೇರ ಬಂದವರನ್ನು "ಆಗಲ್ಲ ಹೋಗಿ" ಅನ್ನುತ್ತಾರಾ, ಇಲ್ಲ ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಚೀಟಿ ತರಿಸಿಕೊಳ್ಳುತ್ತಾರಾ? ನನಗೆ ಆಸ್ಪತ್ರೆಯ ಮನಸ್ಸು ಕಾಣುವುದು ಅಲ್ಲಿ.

ಹಳ್ಳಿ ಓಪಿ ಬಗ್ಗೆಯೂ ಕೇಳಿ. ಹಿಂದೆ ನಾನಿದ್ದ ಒಂದು ಕಡೆ, ಹೆಸರು ಬೇಡ, ಕ್ಯಾಂಪ್‌ನಿಂದ ಇಷ್ಟು ಜನರನ್ನು ಮುಖ್ಯ ಆಸ್ಪತ್ರೆಗೆ ಕಳಿಸಲೇಬೇಕು ಅಂತ ಲೆಕ್ಕ ಕೇಳುತ್ತಿದ್ದರು. ಮಂಡಿನೋವು ಅಂತ ಬಂದ ಅಜ್ಜಿಗೂ ಸ್ಕ್ಯಾನ್ ಬರೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಬಿಟ್ಟೆ. ಈಗಿನ ಕಡೆ ಲೆಕ್ಕ ಬೇರೆ. ಹೋದ ತಿಂಗಳು ಬಿಪಿ ಮಾತ್ರೆ ತೆಗೆದುಕೊಂಡವರಲ್ಲಿ ಈ ತಿಂಗಳು ಬರದವರು ಯಾರು ಅಂತ ಪಟ್ಟಿ ಮಾಡುತ್ತೇವೆ. ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇವೆ. ಸಿಗ್ನಲ್ ಸಿಗದ ಕಡೆ ನಾವೇ ತೋಟದ ಕೂಲಿಯವರು ಇರುವ ಲೈನ್ ಮನೆಗೆ ಹೋಗುತ್ತೇವೆ. ಇಂಟರ್‌ವ್ಯೂನಲ್ಲಿ ನೀವು ಕೇಳಬೇಕಾದ ಪ್ರಶ್ನೆ ಇದು: "ಡಿಸ್ಚಾರ್ಜ್ ಆದವರನ್ನು ಆಮೇಲೆ ಯಾರು ವಿಚಾರಿಸುತ್ತಾರೆ?" ಅದಕ್ಕೆ ಅಂತ ಒಬ್ಬರು ಇದ್ದಾರೆ, ಒಂದು ರಿಜಿಸ್ಟರ್ ಇದೆ ಅಂದರೆ ಧೈರ್ಯವಾಗಿ ಸೇರಿ. ಉತ್ತರಕ್ಕೆ ತಡಕಾಡಿದರೆ ಬೋರ್ಡಿನಲ್ಲಿ ಏನು ಬರೆದಿದ್ದರೂ ನಂಬಬೇಡಿ.

ಕಳಸ_ರೈಟರ್:

ನಾನು ಎಸ್ಟೇಟ್‌ನಲ್ಲಿ ರೈಟರ್, ಕೂಲಿ ಲೆಕ್ಕ ಬರೆಯುವವನು. ಆಸ್ಪತ್ರೆ ಕೆಲಸ ಗೊತ್ತಿಲ್ಲ, ಆದರೆ ಜನರನ್ನು ಜೀಪಿನಲ್ಲಿ ಕರೆದುಕೊಂಡು ಬರುವವನು ನಾನೇ. ಬಣಕಲ್ ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಓಪಿ ಸಮಯ ಕೇಳಿ. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಓಪಿ ಇಟ್ಟರೆ ಯಾರೂ ಬರಲ್ಲ. ಒಂದು ದಿನದ ಕೂಲಿ ಹೋಗುತ್ತೆ. ಬಸುರಿ ಹೆಂಗಸರೂ ತಾಯಿ ಕಾರ್ಡ್ ಬ್ಯಾಗಲ್ಲೇ ಇಟ್ಟುಕೊಂಡು ಚೆಕಪ್ ತಪ್ಪಿಸುತ್ತಾರೆ. ನಮ್ಮ ಕಡೆ ಬರುವ ಒಂದು ಕ್ಲಿನಿಕ್‌ನವರು ಬಟವಾಡೆ ಮುಗಿದ ಮೇಲೆ, ಸಂಜೆ ಬರುತ್ತಾರೆ. ಅಂಗಳ ತುಂಬಿರುತ್ತೆ.

ಇನ್ನೊಂದು, ಈಗ ಲೈನಿನಲ್ಲಿ ಅಸ್ಸಾಂ ಕಡೆಯವರು ಬಹಳ ಇದ್ದಾರೆ. ಮಾತ್ರೆ ಯಾವಾಗ ತಿನ್ನಬೇಕು ಅಂತ ಹಿಂದಿಯಲ್ಲಿ ಹೇಳುವ ಸಿಸ್ಟರ್ ಸಿಕ್ಕರೆ ಅವರ ಮುಖವೇ ಬೇರೆಯಾಗುತ್ತೆ. ನಿಮಗೆ ಬೆಂಗಳೂರಲ್ಲಿ ಹಿಂದಿ ಬಂದಿರಬೇಕಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತೆ.

ಆಲ್ದೂರು_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಬಣಕಲ್ ಅಕ್ಕ, ಟ್ಯೂಬ್ ಪರೀಕ್ಷೆ ಕಾಲೇಜಿನಲ್ಲಿ ಓದಿದ್ದೆ, ಕಣ್ಣಾರೆ ನೋಡಿಲ್ಲ. ನೈಟ್ ಡ್ಯೂಟಿ ಬಗ್ಗೆ ಕೇಳಬೇಕು. ಮೂಡಿಗೆರೆಯಲ್ಲಿ ರಾತ್ರಿ ಇಬ್ಬರು ನರ್ಸ್, ಒಬ್ಬರು ಡ್ಯೂಟಿ ಡಾಕ್ಟರ್ ಅಂತೆ. ಇಲ್ಲಿ ಏನಾದರೂ ಆದರೆ ಬಟನ್ ಒತ್ತಿದರೆ ಐದಾರು ಜನ ಓಡಿ ಬರುತ್ತಾರೆ. ಅಲ್ಲಿ ಹೇಗೆ? ಅಮ್ಮನಿಗೂ ಅದೇ ಭಯ, ರಾತ್ರಿ ಡ್ಯೂಟಿ ಮುಗಿಸಿ ಬರುವುದು ಹೇಗೆ ಅಂತ.

ಬಣಕಲ್_ಸಿಸ್ಟರ್:

ಇಬ್ಬರಿದ್ದರೆ ಪರವಾಗಿಲ್ಲ. ಒಬ್ಬರೇ ಅಂದಿದ್ದರೆ ಬೇಡ ಅನ್ನುತ್ತಿದ್ದೆ. ಒಬ್ಬರು ರೋಗಿ ಜೊತೆ ಆಂಬುಲೆನ್ಸ್ ಹತ್ತಿದರೆ ವಾರ್ಡ್ ಯಾರು ನೋಡುತ್ತಾರೆ ಅಂತ ಮಾತ್ರ ಈಗಲೇ ಕೇಳಿ. ನಮ್ಮಲ್ಲಿ ಕ್ವಾರ್ಟರ್ಸ್‌ನಲ್ಲಿ ಇರುವ ಒಬ್ಬರನ್ನು ಆನ್ ಕಾಲ್ ಇಡುತ್ತಾರೆ, ಅದಕ್ಕೆ ಭತ್ಯೆ ಬೇರೆ ಇದೆ. ಆಂಬುಲೆನ್ಸ್ ಅವರದ್ದೇ ಇದೆಯಾ, 108 ಒಂದನ್ನೇ ನಂಬಿದ್ದಾರಾ ಅದನ್ನೂ ಕೇಳಿ. 108 ಬೇರೆ ಕೇಸಿಗೆ ಹೋಗಿದ್ದರೆ ಕಾಯಬೇಕಾಗುತ್ತೆ.

ಹೆರಿಗೆ ಆಗುತ್ತಾ, ರಕ್ತ ಎಲ್ಲಿಂದ ತರುತ್ತಾರೆ, ಅನಸ್ತೇಶಿಯಾ ಡಾಕ್ಟರ್ ಅಲ್ಲೇ ಇರುತ್ತಾರಾ ಅಥವಾ ಚಿಕ್ಕಮಗಳೂರಿನಿಂದ ಬರಬೇಕಾ? ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಕಾಯಲು ಸಮಯವೇ ಇರಲ್ಲ. ಐಸಿಯುನಿಂದ ಬರುವವರಿಗೆ ಲೇಬರ್ ರೂಮ್ ಅಭ್ಯಾಸ ಬಿಟ್ಟಿರುತ್ತೆ. ಮೊದಲ ಕೆಲವು ವಾರ ಹಳೇ ಸಿಸ್ಟರ್ ಜೊತೆ ಲೇಬರ್ ರೂಮಿಗೆ ಹಾಕಿ ಅಂತ ನೀವಾಗಿಯೇ ಕೇಳಿಕೊಳ್ಳಿ. ಯಾರೂ ಇಲ್ಲ ಅನ್ನಲ್ಲ.

ಡ್ಯೂಟಿ ರಾತ್ರಿ ಎಂಟರಿಂದ ಬೆಳಗ್ಗೆ ಎಂಟು ಅಂದರೆ ಬರುವಾಗ ಬಸ್ ಸಿಗುತ್ತೆ, ಹೋಗುವಾಗಲೇ ಕತ್ತಲೆ. ಅದೂ ಆನೆ ಓಡಾಡುವ ಕಡೆ ಸ್ಕೂಟಿಯಲ್ಲಿ ಬೇಡವೇ ಬೇಡ. ನೈಟ್ ಇರುವ ವಾರ ಹಾಸ್ಟೆಲ್ ಕೊಡುತ್ತಾರಾ, ಗಾಡಿ ಕಳಿಸುತ್ತಾರಾ ಅಂತ ಕೇಳಿ, ಆರ್ಡರ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಅಮ್ಮನಿಗೆ ಅದನ್ನೇ ತೋರಿಸಿ.

ಟ್ಯೂಬ್ ಪರೀಕ್ಷೆ ನೋಡಬೇಕು ಅನ್ನಿಸಿದರೆ ರಜೆಗೆ ಬಂದಾಗ ಮೆಸೇಜ್ ಹಾಕಿ. ನಮ್ಮ ಮೇಟ್ರನ್ ಮೇಡಂ ಹತ್ತಿರ ಕೇಳಿ ಕ್ಯಾಶುವಾಲ್ಟಿ ತೋರಿಸುತ್ತೇನೆ. ಮತ್ತೆ, ನಿಮ್ಮನ್ನು ಮೂಡಿಗೆರೆ ಬದಲು ಕೊಪ್ಪಕ್ಕೆ ಹಾಕಿದರೆ ಮೊದಲೇ ತಿಳಿಸಿ. ಆ ಕಡೆ ಡಿಸೆಂಬರ್‌ನಿಂದ ಮಳೆ ಶುರುವಾಗುವ ತನಕ ಮಂಗನ ಕಾಯಿಲೆ ಭಯ ಇರುತ್ತೆ. ಕಾಡಿಗೆ ದರಗು, ಸೌದೆ ತರಲು ಹೋದವರಿಗೆ ಉಣ್ಣೆ ಕಚ್ಚಿ ಬರುವ ಜ್ವರ ಅದು. ಜ್ವರ ಅಂತ ಬಂದವರನ್ನು ಏನೇನು ಕೇಳಬೇಕು, ಸ್ಯಾಂಪಲ್ ಯಾವಾಗ ಕಳಿಸಬೇಕು ಅಂತ ಕೊಪ್ಪದಲ್ಲಿ ಕೆಲಸ ಮಾಡಿದ ನನ್ನ ಗೆಳತಿ ಹತ್ತಿರ ಬರೆಸಿ ಹಾಕುತ್ತೇನೆ.