ಅಪ್‌ಡೇಟ್: ಲೀನಿಯರ್ ಆಲ್ಜೀಬ್ರಾ ಕೊನೆಗೂ ಮೇಜರ್‌ಗೆ ಸೇರಿತು

ಹೋದ ತಿಂಗಳು ಕೇಳಿದ್ದೆ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ (ಡಿಗ್ರಿಯ ಮೊದಲೆರಡು ವರ್ಷದ ಕೋರ್ಸ್‌ಗಳ ಕಾಲೇಜು) ಮುಗಿಸಿದ 5 ಕ್ವಾರ್ಟರ್ ಯೂನಿಟ್‌ನ ಲೀನಿಯರ್ ಆಲ್ಜೀಬ್ರಾವನ್ನು ಈಗಿನ ಯೂನಿವರ್ಸಿಟಿ ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಲೆಕ್ಕ ಹಿಡಿಯದೆ ಬರೀ ಇಲೆಕ್ಟಿವ್ ಅಂತ ಹಾಕಿದೆ, ಅದೂ 3.33 ಯೂನಿಟ್, ಏನು ಮಾಡಲಿ ಅಂತ. ಈಗ ಬಗೆಹರಿದಿದೆ.

ಕೆಲಸಕ್ಕೆ ಬಂದದ್ದು ‘ಗಣಿತ ವಿಭಾಗಕ್ಕೇ ಪಿಟಿಷನ್ ಹಾಕಿ’ ಅಂದವರ ಸಲಹೆ. ತುಂಬಾ ಥ್ಯಾಂಕ್ಸ್. ಕೋರ್ಸ್ ಮಾಡಿದ ಟರ್ಮ್‌ನದೇ ಸಿಲಬಸ್ ಕೊಡಬೇಕು. ವಾರವಾರದ ಪಾಠಪಟ್ಟಿ, ಪಠ್ಯಪುಸ್ತಕ, ಅಂಕ ಹಂಚಿಕೆ ಎಲ್ಲ ಅದರಲ್ಲಿರಬೇಕು. ಕ್ಯಾಟಲಾಗಿನ ನಾಲ್ಕು ಸಾಲು ಸಾಲದು, ಮೊದಲ ಅರ್ಜಿ ವಾಪಸ್ ಬಂದದ್ದು ಅದಕ್ಕೇ. ಜೊತೆಗೆ ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ (ಕಾಲೇಜಿನ ಯಾವ ಕೋರ್ಸ್ ಯೂನಿವರ್ಸಿಟಿಯ ಯಾವುದಕ್ಕೆ ಸಮ ಅಂತ ತೋರಿಸುವ ಕ್ಯಾಲಿಫೋರ್ನಿಯಾದ ಸೈಟ್) ಕೋರ್ಸ್ ಮಾಡಿದ ವರ್ಷದ ಒಪ್ಪಂದ ತೆರೆದು ಅದರ ಪಿಡಿಎಫ್ ಲಗತ್ತಿಸಿ. ಈ ವರ್ಷದ್ದಲ್ಲ!

ಅಡ್ಮಿಷನ್ ಕಚೇರಿಗೆ ಫೋನ್ ಮಾಡಿ ಉಪಯೋಗವಾಗಲಿಲ್ಲ. ಅವರು ಯೂನಿಟ್ ಎಣಿಸುತ್ತಾರೆ, ಮೇಜರ್ ತೀರ್ಮಾನ ವಿಭಾಗದ್ದು. ಡಬ್ಲ್ಯೂಇಎಸ್ (ಹೊರದೇಶದ ಓದನ್ನು ಅಳೆದು ವರದಿ ಕೊಡುವ ಸಂಸ್ಥೆ) ಮೌಲ್ಯಮಾಪನವೂ ಇದಕ್ಕೆ ಬೇಡ, ಅದು ನಮ್ಮ ವಿಟಿಯು ಥರದ ವಿದೇಶಿ ಅಂಕಪಟ್ಟಿಗಳಿಗೆ.

3.33 ತಪ್ಪೇನಲ್ಲ: ಕ್ವಾರ್ಟರ್ ಯೂನಿಟ್ಟನ್ನು ಸೆಮಿಸ್ಟರ್ ಯೂನಿಟ್ ಮಾಡಲು 1.5ರಿಂದ ಭಾಗಿಸುತ್ತಾರೆ, ಅಷ್ಟೆ.

ಹೊಸದಾಗಿ ತಿಳಿದದ್ದು: ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ಯೂನಿಟ್ ಮಾತ್ರ ಜೊತೆಗೆ ಬರುತ್ತೆ, ಗ್ರೇಡ್ ಬರಲ್ಲ, ಜಿಪಿಎ ಹೊಸದಾಗಿ ಶುರು. ಕಮ್ಯುನಿಟಿ ಕಾಲೇಜಿನ ಯೂನಿಟ್ 70 ಸೆಮಿಸ್ಟರ್ ಯೂನಿಟ್ ಮಿತಿ ದಾಟಿದರೂ ವಿಷಯದ ಮನ್ನಣೆ (ಆ ಕೋರ್ಸ್ ಮುಗಿಸಿದ್ದೀರಿ ಅನ್ನುವ ಲೆಕ್ಕ) ಸಿಗುತ್ತೆ.