ಎನಾಮಲ್‌ಗೆ ‘ಮೀನಾ’, ಅದನ್ನು ಕಾಯಿಸುವುದಕ್ಕೆ ‘ಪುಟ’: ಈ ಬಳಕೆ ಸರಿಯೇ?

ಮಾನ್ಯರೇ,

ಕೈಯಲ್ಲಿ ಮಾಡುವ ಒಡವೆಗಳ ಮೇಲೆ ಬಣ್ಣದ ಗಾಜನ್ನು ಕರಗಿಸಿ ಕೂರಿಸುವ ಕೆಲಸವನ್ನು ಕುರಿತು ಕಲಿಯುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಎನಾಮಲ್’ ಎಂಬ ಪದವನ್ನೇ ಇಟ್ಟುಕೊಂಡರೆ ಓದುಗರಿಗೆ ಮೊದಲು ನೆನಪಾಗುವುದು ಕಿಟಕಿ ಬಾಗಿಲುಗಳಿಗೆ ಬಳಿಯುವ ಬಣ್ಣ, ಇಲ್ಲವೇ ಹಲ್ಲಿನ ಹೊರಪದರ. ಒಡವೆಯ ಎನಾಮಲ್ ಇವೆರಡೂ ಅಲ್ಲ. ಅದು ನುಣ್ಣಗೆ ಅರೆದ ಗಾಜು. ಕೋಬಾಲ್ಟ್ ಸೇರಿದರೆ ನೀಲಿಯಾಗಿ, ತಾಮ್ರ ಸೇರಿದರೆ ಹಸಿರಾಗಿ, ತವರದ ಆಕ್ಸೈಡ್ ಸೇರಿದರೆ ಬೆಳಕು ಹಾಯದ ಬಿಳಿಯಾಗಿ ಬರುವ ಈ ಗಾಜು, ಸಾಮಾನ್ಯವಾಗಿ 750ರಿಂದ 850 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿ, ಕೆಳಗಿರುವ ಚಿನ್ನ, ಬೆಳ್ಳಿ ಅಥವಾ ತಾಮ್ರದೊಂದಿಗೆ ಬೆಸೆದುಕೊಳ್ಳುತ್ತದೆ.

ಆದ್ದರಿಂದಲೇ ‘ಗಾಜುಲೇಪ’ ಎಂಬ ರೂಪ ನನಗೆ ಒಪ್ಪಿಗೆಯಾಗಿಲ್ಲ. ಲೇಪವೆಂದರೆ ಹಚ್ಚಿದ್ದು ಎಂಬ ಭಾವ ಬರುತ್ತದೆಯೇ ಹೊರತು ಬೆಂಕಿಯ ಸುಳಿವೇ ಇರುವುದಿಲ್ಲ. ‘ಮೆರುಗು’ ಒಡವೆಯನ್ನು ಉಜ್ಜಿ ಹೊಳಪಿಸುವುದಕ್ಕೆ ಆಗಲೇ ಸಂದಿದೆ. ಪಾರಸಿಯಿಂದ ಬಂದ ‘ಮೀನಾ’ ಮಾತ್ರ ಎನಾಮಲ್ಲನ್ನೇ ಸೂಚಿಸುತ್ತದೆ ಮತ್ತು ‘ಮೀನಾಕಾರಿ’ಯ ಮೂಲಕ ಕನ್ನಡಿಗರಿಗೆ ಪರಿಚಿತವೂ ಆಗಿದೆ. ಕಾಯಿಸದೆ ಗಟ್ಟಿಯಾಗುವ ರಾಳದ ಬಣ್ಣವನ್ನೂ ಈಗ ಅದೇ ಹೆಸರಿನಿಂದ ಕರೆಯುವುದರಿಂದ, ಬೇರೆ ಮಾಡಿ ಹೇಳಬೇಕಾದಲ್ಲಿ ‘ಗಾಜಿನ ಮೀನಾ’ ಎಂದು ಬರೆದಿದ್ದೇನೆ. ತೆಳು ತಂತಿಯ ಗೂಡುಗಳಲ್ಲಿ ಗಾಜು ತುಂಬುವ ಕ್ಲೋಸೊನೆಗೆ ‘ತಂತಿಗೂಡಿನ ಮೀನಾ’ ಎಂದೂ, ಲೋಹವನ್ನು ಕೆತ್ತಿ ಮಾಡಿದ ಕುಳಿಗಳಲ್ಲಿ ತುಂಬುವ ಶಾಂಪ್ಲವೆಗೆ ‘ಕೆತ್ತುಕುಳಿಯ ಮೀನಾ’ ಎಂದೂ ಬಳಸಿದ್ದೇನೆ.

ನನ್ನ ಮುಖ್ಯ ಸಂದೇಹವಿರುವುದು ಕ್ರಿಯಾಪದದಲ್ಲಿ. ಒದ್ದೆ ಮಾಡಿದ ಗಾಜಿನ ಪುಡಿಯನ್ನು ಸಣ್ಣ ಕುಂಚದ ತುದಿಯಿಂದ ಗೂಡಿಗೆ ತುಂಬಿ, ನೀರು ಪೂರ್ತಿ ಆರಿದ ಮೇಲೆ ಕುಲುಮೆಯೊಳಗೆ ಇಟ್ಟರೆ, ಅದು ಮೊದಲು ಸಕ್ಕರೆಯಂತೆ ತರಿತರಿಯಾಗಿ ಅಂಟಿಕೊಂಡು, ಆಮೇಲೆ ಉಬ್ಬುತಗ್ಗಾಗಿ, ಕೊನೆಗೆ ಸಮವಾಗಿ ಹರಡಿ ಹೊಳೆಯುತ್ತದೆ. ಕರಗಿದ ಪುಡಿ ಕುಗ್ಗುವುದರಿಂದ ಮತ್ತೆ ತುಂಬಿ ಮತ್ತೆ ಕಾಯಿಸಬೇಕು. ಮಡಕೆ, ಇಟ್ಟಿಗೆಗಳಿಗೆ ಸಲ್ಲುವ ‘ಸುಡು’ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಒಡವೆ ಸುಟ್ಟಿತು ಎಂದರೆ ಕೆಟ್ಟಿತು ಎಂಬ ಅರ್ಥವೇ ಮುಂದಾಗುತ್ತದೆ. ‘ಪುಟಕ್ಕಿಟ್ಟ ಚಿನ್ನ’ ಎನ್ನುವಲ್ಲಿನ ‘ಪುಟ’ ನನಗೆ ಬಹಳ ಹಿಡಿಸಿದೆ. ಭಸ್ಮ ತಯಾರಿಸುವಾಗ ಪುಟದ ಮೇಲೆ ಪುಟ ಕೊಡುವ ಮಾತು ಆಯುರ್ವೇದದಲ್ಲಿಯೂ ಇರುವುದರಿಂದ, ‘ಎರಡನೆಯ ಪುಟ’, ‘ಕೊನೆಯ ಪುಟ’ ಎಂದು ಸಲೀಸಾಗಿ ಹೇಳಬಹುದು. ಆದರೆ ಚಿನ್ನದ ಪುಟದಲ್ಲಿ ಕಲ್ಮಷ ಕಳೆಯುವ ಉದ್ದೇಶವಿದೆ, ಮೀನಾದಲ್ಲಿ ಅದಿಲ್ಲ. ಪುಸ್ತಕದಲ್ಲಿ ಅಚ್ಚಾದಾಗ ‘ಕೊನೆಯ ಪುಟ’ವನ್ನು ಹಾಳೆಯೆಂದು ಓದಿಕೊಳ್ಳುವ ಅಪಾಯವೂ ಉಂಟು. ‘ಪುಟವಿಡು’ ಎಂದು ಕ್ರಿಯಾರೂಪದಲ್ಲಿಯೇ ಬಳಸಿದರೆ ಈ ಗೊಂದಲ ತಪ್ಪೀತೇ?

ಇನ್ನೊಂದು ಪದವೂ ಬೇಕಾಗಿದೆ. ತಣಿಯುವಾಗ ಲೋಹ ಗಾಜಿಗಿಂತ ಹೆಚ್ಚು ಕುಗ್ಗಿದರೆ ತೆಳು ತಗಡು ಬಾಗಿ ಗಾಜು ಬಿರಿಯಬಹುದು. ಇದನ್ನು ತಡೆಯಲು ತಗಡಿನ ಹಿಂಬದಿಗೂ ಮೀನಾ ಹಾಕಿ ಎಳೆತವನ್ನು ಸರಿದೂಗಿಸುತ್ತಾರೆ. ಇದಕ್ಕೆ ‘ಬೆನ್ನುಮೀನಾ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಅಕ್ಕಸಾಲೆ ಕೆಲಸ ಬಲ್ಲವರು ಇದಕ್ಕೆ ಬೇರೆ ಪದ ಬಳಸುತ್ತಿದ್ದರೆ, ಅದನ್ನು ವಾಕ್ಯದಲ್ಲಿ ಹೇಗೆ ಹೇಳುತ್ತಾರೆ ಎಂಬುದರ ಸಹಿತ ತಿಳಿಸಬೇಕಾಗಿ ಕೋರುತ್ತೇನೆ.